ಬರ್ನರ್ ನಾಜಲ್‌ನ (ಬೆಂಕಿ ಹೊರಬರುವ ಮೂತಿಯ) ಸ್ಟೀಲಿನ ಮೇಲಿನ ಸೆರಾಮಿಕ್ ಕೋಟಿಂಗ್ ಚಕ್ಕೆ ಏಳುತ್ತಿದೆ, ಇನ್ನೂ ದಪ್ಪ ಹೊಡೆಸಲೇ?

ದಯವಿಟ್ಟು ಬೇಡ. ದಪ್ಪವಾದಷ್ಟೂ ಬೇಗ ಏಳುತ್ತದೆ. ತುಮಕೂರಿನ ಅಂತರಸನಹಳ್ಳಿಯಲ್ಲಿ ಪ್ಲಾಸ್ಮಾ ಸ್ಪ್ರೇ (ಪುಡಿಯನ್ನು ಅತಿ ಬಿಸಿ ಅನಿಲದಲ್ಲಿ ಕರಗಿಸಿ ಲೋಹದ ಮೇಲೆ ಎರಚುವ) ಕೆಲಸ ಮಾಡುತ್ತೇನೆ, ನಮ್ಮಲ್ಲಿಗೂ ಇಂಥ ಜಾಬ್‌ಗಳು ಬರುತ್ತವೆ.

ನಿಮ್ಮ ಬರ್ನರ್ ನಾಜಲ್ 304 ಸ್ಟೇನ್‌ಲೆಸ್ ಸ್ಟೀಲು, ಅದರ ಮೇಲೆ ನೇರವಾಗಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್ ಸೆರಾಮಿಕ್) ಹೊಡೆಸಿದ್ದೀರಿ. ಒಂದು ಮೀಟರ್ ಉದ್ದದ ಈ ಸ್ಟೀಲನ್ನು 100 ಡಿಗ್ರಿ ಕಾಯಿಸಿದರೆ ಸುಮಾರು 1.7 ಮಿ.ಮೀ. ಹಿಗ್ಗುತ್ತದೆ. ಅಲ್ಯೂಮಿನಾ ಹಿಗ್ಗುವುದು 0.8 ಅಷ್ಟೇ. ಕಾದಾಗಲೆಲ್ಲ, ಆರಿದಾಗಲೆಲ್ಲ ಇವೆರಡರ ನಡುವೆ ಎಳೆದಾಟ. ಹತ್ತು ಸಲ ತಡೆದದ್ದೇ ಹೆಚ್ಚು.

ಬಿಸಿ ತಡೆಯಲು ಯಿಟ್ರಿಯಾ (ಯಿಟ್ರಿಯಂ ಆಕ್ಸೈಡ್) ಬೆರೆಸಿದ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಕೇಳಿ. ಅದು 1 ಮಿ.ಮೀ.ಗೂ ಸ್ವಲ್ಪ ಹೆಚ್ಚು ಹಿಗ್ಗುತ್ತದೆ, ಶಾಖವನ್ನೂ ಅಲ್ಯೂಮಿನಾಗಿಂತ ತುಂಬಾ ಕಡಿಮೆ ಸಾಗಿಸುತ್ತದೆ. ಯಿಟ್ರಿಯಾ ಶೇ. 7-8ರಷ್ಟು ಇರಲೇಬೇಕು. ಬರೀ ಜಿರ್ಕೋನಿಯಾ 1170 ಡಿಗ್ರಿ ಆಸುಪಾಸಿನಲ್ಲಿ ಹರಳಿನ ರೂಪ ಬದಲಿಸುತ್ತದೆ, ಆರುವಾಗ ಉಬ್ಬಿ ಬಿರುಕು ಬಿಡುತ್ತದೆ.

ಅದಕ್ಕೂ ಮೊದಲು ಅಡಿಪದರ, ನಾವು ಬಾಂಡ್ ಕೋಟ್ ಅನ್ನುವುದು. ನಿಕಲ್, ಕ್ರೋಮಿಯಂ, ಅಲ್ಯೂಮಿನಿಯಂ, ಯಿಟ್ರಿಯಂ ಸೇರಿದ ಪೌಡರ್, ಸುಮಾರು 100 ಮೈಕ್ರಾನ್, ಅಂದರೆ 0.1 ಮಿ.ಮೀ. ದಪ್ಪ. ಜಿರ್ಕೋನಿಯಾ ಆಮ್ಲಜನಕವನ್ನು ತಡೆಯುವುದಿಲ್ಲ. ಒಳಗೆ ನುಸುಳಿದ ಆಮ್ಲಜನಕಕ್ಕೆ ಈ ಪದರದ ಅಲ್ಯೂಮಿನಿಯಂ ತೆಳು ಪೊರೆ ಕಟ್ಟಿ ಅಡ್ಡ ನಿಲ್ಲುತ್ತದೆ. ಇದರ ಮೇಲೆ ಜಿರ್ಕೋನಿಯಾ 250-300 ಮೈಕ್ರಾನ್ ಸಾಕು.

ಇಷ್ಟೆಲ್ಲ ಸರಿಯಿದ್ದೂ ಬ್ಲಾಸ್ಟಿಂಗ್ (ಸ್ಪ್ರೇಗೆ ಮೊದಲು ಗಟ್ಟಿ ಹರಳುಪುಡಿಯನ್ನು ರಭಸದಿಂದ ಹೊಡೆದು ಸ್ಟೀಲಿನ ಮೈಯನ್ನು ತರಿತರಿ ಮಾಡುವುದು) ಕೆಟ್ಟರೆ ಎಲ್ಲವೂ ಹೋಯಿತು. ಕಾಂಕ್ರೀಟ್ ಗೋಡೆಗೆ ಪ್ಲಾಸ್ಟರ್ ಹಿಡಿಯಲೆಂದು ಮೇಸ್ತ್ರಿ ಮೊದಲು ಕಚ್ಚು ಹೊಡೆಯುತ್ತಾನಲ್ಲ, ಹಾಗೆಯೇ. ಕರಗಿದ ಹನಿ ಅಪ್ಪಳಿಸಿ ಚಪ್ಪಟೆಯಾಗಿ ಆ ತರಿಗಳಿಗೆ ಕಚ್ಚಿಕೊಳ್ಳುತ್ತದೆ, ಬೇರೆ ಅಂಟು ಇಲ್ಲ. ಬ್ಲಾಸ್ಟ್ ಆದ ಮೇಲೆ ಬರಿಗೈಲಿ ಮುಟ್ಟಬಾರದು, ತಡ ಮಾಡಲೂಬಾರದು. ಕೆಲಸ ಕಲಿಯುತ್ತಿದ್ದಾಗ ಒಂದು ಮಳೆಗಾಲ, ಬ್ಲಾಸ್ಟ್ ಮಾಡಿದ ಮೈಲ್ಡ್ ಸ್ಟೀಲ್ ಪ್ಲೇಟನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸ್ಪ್ರೇ ಮಾಡಿದ್ದೆ. ಕಾವಲಿಯಿಂದ ದೋಸೆ ಎದ್ದಂತೆ ಪದರ ಇಡಿಯಾಗಿ ಎದ್ದು ಬಂತು. ಅಂದಿನಿಂದ ಬ್ಲಾಸ್ಟ್ ಆದ ಜಾಬ್ ನೇರ ಸ್ಪ್ರೇ ಗನ್ನಿನ ಮುಂದಕ್ಕೆ.

ಕೊನೆಗೆ, ಹಣ ಹಾಕುವ ಮುನ್ನ ಒಂದು ನೋಡಿ: ನಾಜಲ್ ಒಳಗೆ ತಣ್ಣನೆ ಗಾಳಿ ಹರಿಯುತ್ತದೆಯೇ? ಕೋಟಿಂಗ್ ಶಾಖವನ್ನು ನಿಧಾನ ಮಾಡುತ್ತದೆಯೇ ಹೊರತು ನುಂಗುವುದಿಲ್ಲ. ಒಳಗಿನಿಂದ ಶಾಖ ಒಯ್ಯುವ ದಾರಿ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಸ್ಟೀಲೂ ಹೊರಗಿನಷ್ಟೇ ಕಾಯುತ್ತದೆ. ಗಾಳಿ ಇಲ್ಲವೆಂದರೆ ಆ ದುಡ್ಡನ್ನು 310ರಂಥ ಹೆಚ್ಚು ಬಿಸಿ ತಾಳುವ ಸ್ಟೀಲಿಗೆ ಹಾಕಿ.