ವೆಸ್ಟ್ ವರ್ಜೀನಿಯಾದಲ್ಲಿ ಅಷ್ಟೊಂದು ಕಲ್ಲಿದ್ದಲು ಇದ್ದರೂ ಜನ ಯಾಕೆ ಬಡವರು?

ಬೆಟ್ಟದ ತುಂಬ ಕಲ್ಲಿದ್ದಲು, ಗ್ಯಾಸ್, ಕಾಡು ಇರುವ ರಾಜ್ಯ ಅಮೆರಿಕದ ಆದಾಯದ ಪಟ್ಟಿಯಲ್ಲಿ ತಳದಲ್ಲಿ ಯಾಕಿದೆ ಅಂತ ಕೇಳಿದ್ದೀರಿ. ಓದಿಗಾಗಿ ನಾನು ನಾಲ್ಕು ವರ್ಷ ಅಲ್ಲಿಯ ಮಾರ್ಗನ್‌ಟೌನ್‌ನಲ್ಲಿದ್ದೆ. ಹೋದ ಹೊಸದರಲ್ಲಿ ನನಗೂ ಇದೇ ಪ್ರಶ್ನೆ. ಮೊನಾಂಗಹೀಲಾ ನದಿಯ ಆಚೆ ದಡದಲ್ಲಿ ಕಲ್ಲಿದ್ದಲು ತುಂಬಿದ ಗೂಡ್ಸ್ ರೈಲು ಹೋಗುವುದು ಕಾಣಿಸುತ್ತಿತ್ತು. ಬರುವಾಗ ಖಾಲಿ, ಹೋಗುವಾಗ ಭರ್ತಿ. ಕಲ್ಲಿದ್ದಲು ಇದ್ದದ್ದು ಅಲ್ಲಿ, ಅದರ ಒಡೆಯರು ಇದ್ದದ್ದು ಬೇರೆ ಊರಲ್ಲಿ. ನನಗೆ ಅರ್ಥವಾದ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಮುಖ್ಯ ಉತ್ತರ ಇದೇ.

ಮೊದಲು ನೆಲದ ವಿಷಯ ಹೇಳಿಬಿಡುತ್ತೇನೆ. ವಿಸ್ತೀರ್ಣ ಸುಮಾರು 62,755 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಇಡೀ ರಾಜ್ಯ ಅಪಲಾಚಿಯನ್ ಸೀಮೆಯೊಳಗೇ ಇದೆ. ಅತಿ ಎತ್ತರದ ಸ್ಪ್ರೂಸ್ ನಾಬ್ 4,863 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಚಿಕ್ಕದು. ಎತ್ತರ ಅಲ್ಲಿಯ ತೊಂದರೆಯಲ್ಲ. ಸಮತಟ್ಟಾದ ಜಾಗವೇ ಇಲ್ಲ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಅಲ್ಲಿಯವರು 'ಹಾಲರ್' ಅನ್ನುತ್ತಾರೆ. ಅದೇ ಸಂದಿಯಲ್ಲಿ ಹಳ್ಳ, ರಸ್ತೆ, ರೈಲು ಹಳಿ, ಮನೆಗಳು ಎಲ್ಲವೂ ಸಾಲಾಗಿ ಇರಬೇಕು. ದೊಡ್ಡ ಹೊಲ ಮಾಡಲು ಆಗುವುದಿಲ್ಲ, ದೊಡ್ಡ ನಗರ ಬೆಳೆಯಲು ಜಾಗವಿಲ್ಲ. ನ್ಯೂ ರಿವರ್ ಕೊರೆದ ಕಮರಿಯನ್ನು ದಾಟಲು ಹಿಂದೆ ಸುತ್ತುದಾರಿಯಲ್ಲಿ 40 ನಿಮಿಷ ಬೇಕಿತ್ತಂತೆ. 1977ರಲ್ಲಿ 876 ಅಡಿ ಎತ್ತರದಲ್ಲಿ ಸೇತುವೆ ಕಟ್ಟಿದ ಮೇಲೆ ಒಂದು ನಿಮಿಷ ಸಾಕು.

ಈಗ ಒಡೆತನದ ಮಾತಿಗೆ ಬರೋಣ. ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ನಿವೃತ್ತ ಗಣಿ ಕಾರ್ಮಿಕರು. ಒಂದು ಸಂಜೆ ಊರಾಚೆ ಇದ್ದ ತಮ್ಮ ಜಮೀನಿನ ಕ್ರಯಪತ್ರ ತೋರಿಸಿದರು. ಮೇಲಿನ ಮಣ್ಣು ಅವರದು, ಕೆಳಗಿನ ಕಲ್ಲಿದ್ದಲು ಅವರದಲ್ಲ. ನೂರು ವರ್ಷದ ಹಿಂದೆಯೇ ಯಾರೋ ಅದನ್ನು ಬೇರೆಯಾಗಿ ಮಾರಿಬಿಟ್ಟಿದ್ದರು. ಅಲ್ಲಿ ಭೂಮಿಯ ಮೇಲ್ಭಾಗವನ್ನೂ ಒಳಗಿನ ಖನಿಜವನ್ನೂ ಬೇರೆ ಬೇರೆ ಆಸ್ತಿಯಾಗಿ ಮಾರಬಹುದು. 1873ರ ಹೊತ್ತಿಗೆ ನ್ಯೂ ರಿವರ್ ಕಣಿವೆಯ ಮೂಲಕ ರೈಲು ಬಂತು. ಅದರ ಹಿಂದೆಯೇ ಹೊರಗಿನ ಕಂಪನಿಗಳ ಏಜೆಂಟರು ಬಂದು ರೈತರಿಂದ ಈ ಹಕ್ಕುಗಳನ್ನು ಅಗ್ಗಕ್ಕೆ ಕೊಂಡರು. ಕೆಳಗೆ ಎಷ್ಟು ಬೆಲೆಯ ಸರಕಿದೆ ಅಂತ ಆ ರೈತರಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಕಂಪನಿಯೇ ಮನೆ ಕಟ್ಟಿತು, ಅಂಗಡಿ ತೆರೆಯಿತು. ಎಷ್ಟೋ ಕಡೆ ಕೂಲಿಯನ್ನೂ ಆ ಅಂಗಡಿಯಲ್ಲಷ್ಟೇ ನಡೆಯುವ ಟೋಕನ್ ರೂಪದಲ್ಲಿ ಕೊಡುತ್ತಿದ್ದರು. 1921ರಲ್ಲಿ ಸುಮಾರು 10,000 ಕಾರ್ಮಿಕರು ಸಂಘ ಕಟ್ಟುವ ಹಕ್ಕಿಗಾಗಿ ಬ್ಲೇರ್ ಬೆಟ್ಟದಲ್ಲಿ ಬಂದೂಕು ಹಿಡಿದು ನಿಂತರು. ಅದನ್ನು ಅಡಗಿಸಲು ಸೈನ್ಯ ಬರಬೇಕಾಯಿತು. ಗಣಿಯೊಳಗಿನ ಸಾವುಗಳ ಲೆಕ್ಕ ಇನ್ನೂ ಕಠೋರ. 1907ರಲ್ಲಿ ಮೊನೊಂಗಾ ಗಣಿಯ ಸ್ಫೋಟದಲ್ಲಿ ಅಧಿಕೃತ ಲೆಕ್ಕದಂತೆಯೇ 362 ಜನ ಸತ್ತರು. 1968ರಲ್ಲಿ ಫಾರ್ಮಿಂಗ್ಟನ್‌ನಲ್ಲಿ 78 ಜನ. ಅದಾದ ಮರುವರ್ಷ ದೇಶಕ್ಕೆಲ್ಲ ಕಟ್ಟುನಿಟ್ಟಾದ ಗಣಿ ಸುರಕ್ಷಾ ಕಾನೂನು ಬಂತು. ನಮ್ಮ ಮಾಲೀಕರು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು. ಶ್ವಾಸಕೋಶದ ತುಂಬ ಕಲ್ಲಿದ್ದಲಿನ ಧೂಳು.

ಇಷ್ಟೆಲ್ಲ ಸಹಿಸಿದ ಮೇಲೂ ಕೆಲಸ ಉಳಿಯಲಿಲ್ಲ. ಇದನ್ನು ಹಲವರು ತಪ್ಪಾಗಿ ತಿಳಿದಿದ್ದಾರೆ. ಕಲ್ಲಿದ್ದಲು ಮುಗಿದುಹೋಗಿಲ್ಲ, ಇವತ್ತಿಗೂ ವಯೋಮಿಂಗ್ ಬಿಟ್ಟರೆ ಅತಿ ಜಾಸ್ತಿ ತೆಗೆಯುವುದು ಈ ರಾಜ್ಯವೇ. ದಕ್ಷಿಣ ಭಾಗದ್ದು ಉಕ್ಕು ತಯಾರಿಸಲು ಬೇಕಾದ ಒಳ್ಳೆಯ ಜಾತಿ. ಅದು ಭಾರತಕ್ಕೂ ಬರುತ್ತದೆ. ಆದರೆ 1940ರ ದಶಕದಲ್ಲಿ ಗಣಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು, ಈಗ 20,000ಕ್ಕೂ ಕಡಿಮೆ. ಕೈ ಮಾಡುತ್ತಿದ್ದ ಕೆಲಸವನ್ನು ಯಂತ್ರ ಮಾಡುತ್ತಿದೆ. ಕೆಲವು ಕಡೆ ಬೆಟ್ಟದ ತಲೆಯನ್ನೇ ಸಿಡಿಸಿ ತೆಗೆಯುತ್ತಾರೆ. ಆ ಕಲ್ಲುಮಣ್ಣನ್ನು ಪಕ್ಕದ ಕಣಿವೆಗೆ ಸುರಿದು ಹಳ್ಳಗಳನ್ನೇ ಮುಚ್ಚಿದ್ದಾರೆ. ಅದನ್ನು ಕಣ್ಣಾರೆ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಮೆಕ್‌ಡೊವೆಲ್ ಕೌಂಟಿಯಲ್ಲಿ 1950ರಲ್ಲಿ 98,887 ಜನ ಇದ್ದರು. 2020ರ ಗಣತಿಯಲ್ಲಿ 19,111. ಅಲ್ಲಿಯ ವೆಲ್ಚ್ ಊರಿನ ಬೀದಿಯಲ್ಲಿ ಗಟ್ಟಿಮುಟ್ಟಾದ ಇಟ್ಟಿಗೆ ಕಟ್ಟಡಗಳು ಬಾಗಿಲು ಹಾಕಿಕೊಂಡು ನಿಂತಿವೆ.

ಬೇರೆ ಉದ್ಯಮ ಇಲ್ಲವೇ ಇಲ್ಲ ಅಂತಲ್ಲ. ಚಾರ್ಲ್ಸ್‌ಟನ್ ಸುತ್ತಲಿನ ಕನಾವಾ ಕಣಿವೆಯಲ್ಲಿ ಮೊದಲು ಉಪ್ಪು, ಆಮೇಲೆ ಕೆಮಿಕಲ್ ಕಾರ್ಖಾನೆಗಳು ಬಂದವು. ಭೋಪಾಲ್‌ನಲ್ಲಿ ಸೋರಿದ ವಿಷವನ್ನೇ ಯೂನಿಯನ್ ಕಾರ್ಬೈಡ್ ಅಲ್ಲಿಯ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲೂ ತಯಾರಿಸುತ್ತಿತ್ತು. ರಾಜ್ಯದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕಾಡು, ಹಾಗಾಗಿ ಮರದ ವ್ಯಾಪಾರ ಇದೆ. ನ್ಯೂ ರಿವರ್ ಕಮರಿ 2020ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಪ್ರವಾಸಿಗರು ಬರುತ್ತಿದ್ದಾರೆ. ಅತಿ ದೊಡ್ಡ ಖಾಸಗಿ ಉದ್ಯೋಗದಾತ ಈಗ ಗಣಿ ಕಂಪನಿಯಲ್ಲ, ವಿಶ್ವವಿದ್ಯಾಲಯದ ಜೊತೆಗಿರುವ ಆಸ್ಪತ್ರೆ ಬಳಗ.

ಗ್ಯಾಸ್ ಬಗ್ಗೆಯೂ ಕೇಳಿದ್ದೀರಿ ಅಲ್ವಾ? ಮಾರ್ಸೆಲಸ್ ಎಂಬ ಆಳದ ಕಲ್ಲಿನ ಪದರದಲ್ಲಿ ಅದು ಬೇಕಾದಷ್ಟಿದೆ. ಕಲ್ಲನ್ನು ನೀರಿನ ಒತ್ತಡದಿಂದ ಸೀಳಿ ತೆಗೆಯುವ ವಿಧಾನ ಬಂದ ಮೇಲೆ, ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ದೊಡ್ಡ ವ್ಯಾಪಾರವಾಗಿದೆ. ನಮ್ಮ ಮಾಲೀಕರ ಆ ಹಳೆಯ ಪತ್ರದಲ್ಲಿ ಮಾರಿದ್ದು ಕಲ್ಲಿದ್ದಲು ಮಾತ್ರ. ಗ್ಯಾಸಿನ ಹಕ್ಕು ಅವರ ಹತ್ತಿರವೇ ಉಳಿದಿತ್ತು. ಅದನ್ನು ಗುತ್ತಿಗೆಗೆ ಕೊಟ್ಟರು, ರಾಯಲ್ಟಿ ಬರತೊಡಗಿತು. ಮೂವತ್ತು ವರ್ಷ ಗಣಿಯಲ್ಲಿ ದುಡಿದಾಗ ಆಗದ ಮನೆ ರಿಪೇರಿ ಆ ಹಣದಲ್ಲಿ ಆಯಿತು. ಮೊಮ್ಮಗಳು ನರ್ಸಿಂಗ್ ಓದಿದಳು, ಈಗ ಅದೇ ಊರಿನ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ.