ಎಂಸಿಬಿ ಇದ್ದರೆ ಸಾಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಹಳೇ ಹೆಂಚಿನ ಮನೆ. ಮಳೆಗಾಲದಲ್ಲಿ ಗೀಸರಿನ ನಲ್ಲಿಯನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ವಯರಿಂಗ್‌ನವರು ‘30 ಮಿಲಿ ಆಂಪ್ ಆರ್‌ಸಿಸಿಬಿ ಹಾಕಿಸಿ’ ಎಂದರು, ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ ಅಂತೆ ಅದು. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಲ್ಲ, ಸಾಕು ಅಂತಾರೆ ನಮ್ಮ ಯಜಮಾನರು. ಬಲ್ಬಿನ ಡಬ್ಬದ ಮೇಲಿರುವ ಲೂಮೆನ್ ಅಂದರೇನು, ಅದನ್ನೂ ಹೇಳಿ.

ಉತ್ತರ: ತಾಯಿ, ಮೊದಲು ಗೀಸರ್ ಆರಿಸಿ. ರಿಪೇರಿ ಆಗುವ ತನಕ ಹಂಡೆ ನೀರೇ ಇರಲಿ. ಜುಮ್ಮೆಂದರೆ ಕರೆಂಟ್ ಸೋರುತ್ತಿದೆ ಎಂದರ್ಥ. ಎಂಸಿಬಿ ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ. 16 ಆಂಪಿನದಾದರೆ ಅದಕ್ಕಿಂತ ಜಾಸ್ತಿ ಹರಿದಾಗಲೇ ಬೀಳುವುದು, ಅಂದರೆ ಆಫ್ ಆಗುವುದು. ಒಂದು ಆಂಪ್ ಅಂದರೆ 1000 ಮಿಲಿ ಆಂಪ್. ಜೀವ ಹೋಗಲು ಅದರಲ್ಲಿ 100 ಸಾಕು! ಆರ್‌ಸಿಸಿಬಿ ನಮ್ಮ ಡೇರಿ ಗುಮಾಸ್ತನ ಹಾಗೆ. ಹೋದದ್ದೆಷ್ಟು, ವಾಪಸ್ ಬಂದದ್ದೆಷ್ಟು ಅಂತ ಲೆಕ್ಕ ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪ್ ಕಮ್ಮಿಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಎರಡೂ ಬೇಕು. ಅರ್ತಿಂಗ್ ಕೂಡ ಸರಿಯಿರಬೇಕು.

ಹೋದ ಆಷಾಢದಲ್ಲಿ ನಮ್ಮ ಮನೆಯ ಆರ್‌ಸಿಸಿಬಿ ರಾತ್ರಿಯೆಲ್ಲ ಬೀಳುತ್ತಿತ್ತು. ಸುಮ್ನೆ ಕಾಟ ಅಂತ ಬೈದೆ. ಬೆಳಿಗ್ಗೆ ನೋಡಿದರೆ ಜಗಲಿಯ ಪ್ಲಗ್ಗಿನೊಳಗೆ ಇರಚಲು ನೀರು. ತಪ್ಪು ನಂದೇ ಅಲ್ವಾ? ಆರ್‌ಸಿಸಿಬಿಯ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಾಯಿಸಿ.

ಲೂಮೆನ್ ಬಲ್ಬು ಕೊಡುವ ಬೆಳಕಿನ ಅಳತೆ, ವಾಟ್ ಅದು ತಿನ್ನುವ ಕರೆಂಟಿನದು. ಹಳೇ 60 ವಾಟ್ ಬಲ್ಬು ಸುಮಾರು 700 ಲೂಮೆನ್ ಕೊಡುತ್ತಿತ್ತು. 9 ವಾಟಿನ ಎಲ್‌ಇಡಿ ಅಷ್ಟನ್ನು ಆರಾಮಾಗಿ ಕೊಡುತ್ತದೆ.