ಟೀಚರ್, ಮೊದಲು ನಿಮ್ಮ ಓಟು ಇಲ್ಲಿಗೆ ಬರಲಿ

ಓದುಗರ ಪತ್ರ: ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಮುಂಬಯಿಗೆ ಬಂದವಳು ನಾನು. ಮನೆ ಡೊಂಬಿವಲಿಯಲ್ಲಿ. ಕುರ್ಲಾದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಗಳ ಕಷ್ಟವನ್ನು ಸದನದಲ್ಲಿ ಹೇಳುವವರು ಬೇಕು, ನೀವೇ ನಿಲ್ಲಿ ಎಂದು ಜೊತೆಯ ಶಿಕ್ಷಕರು ಒತ್ತಾಯಿಸುತ್ತಿದ್ದಾರೆ. ಆದರೆ ನಾನು ಹೊರಗಿನವಳು. ನನ್ನ ಓಟು ಇನ್ನೂ ಊರಿನಲ್ಲೇ ಇದೆ. ಇಲ್ಲಿನ ನಮ್ಮ ಕನ್ನಡ ಸಂಘದವರು ಬೆಂಬಲ ಕೊಟ್ಟಾರೆಯೇ? ಇದು ನಮ್ಮಂಥವರಿಗೆ ಆಗುವ ಮಾತೇ? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಖಂಡಿತ ಆಗುವ ಮಾತು, ಟೀಚರ್. ಹೊರಗಿನವಳು ಎಂಬ ಅಳುಕನ್ನು ಮೊದಲು ಬಿಡಿ. ನೀವು ಎಲ್ಲಿ ಹುಟ್ಟಿದಿರಿ, ಮನೆಮಾತು ಯಾವುದು ಎಂದು ಕಾನೂನು ಕೇಳುವುದಿಲ್ಲ. ಭಾರತದ ಪ್ರಜೆಯಾಗಿರಬೇಕು. ವಿಧಾನಸಭೆಗಾದರೆ 25, ವಿಧಾನ ಪರಿಷತ್ತಿಗಾದರೆ 30 ವರ್ಷ ತುಂಬಿರಬೇಕು. ಮಹಾರಾಷ್ಟ್ರದ ಯಾವುದಾದರೂ ಒಂದು ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಮಗೆ ತೊಡಕಾಗಿರುವುದು ಈ ಕೊನೆಯದು.

ಈ ವಿಷಯ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಚುನಾವಣೆ ಬಂತೆಂದರೆ ನಮ್ಮವರು ರಜೆ ಹಾಕಿ, ಬಸ್ಸು ಹತ್ತಿ, ಊರಿಗೆ ಹೋಗಿ ಓಟು ಹಾಕಿ ಬರುತ್ತಾರೆ. ಊರಿನ ಮೇಲಿನ ಪ್ರೀತಿ ದೊಡ್ಡದು, ಒಪ್ಪುತ್ತೇನೆ. ಆದರೆ ನಲ್ಲಿ ನೀರು ಇಲ್ಲಿಯದು, ಲೋಕಲ್ ಟ್ರೇನು ಇಲ್ಲಿಯದು, ಮಕ್ಕಳ ಶಾಲೆ ಇಲ್ಲಿಯದು, ಓಟು ಮಾತ್ರ ಅಲ್ಲಿ! ಕನ್ನಡ ಮಾಧ್ಯಮದ ತರಗತಿ ಮುಚ್ಚುತ್ತದೆ ಎಂದು ನಗರಸೇವಕರ ಬಾಗಿಲಿಗೆ ಹೋದಾಗ, ಓಟೇ ಇಲ್ಲದವರ ಮಾತಿಗೆ ತೂಕ ಎಲ್ಲಿಂದ ಬರಬೇಕು? ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ. ವಿಳಾಸ ಬದಲಾದವರು ತುಂಬಬೇಕಾದದ್ದು ನಮೂನೆ 8. ಈ ವಾರವೇ ತುಂಬಿ. ನಿಮ್ಮ ಯಜಮಾನರದ್ದೂ ಊರಿನಲ್ಲಿದ್ದರೆ ಅವರದ್ದನ್ನೂ ತುಂಬಿಸಿ.

ಇನ್ನು ಶಿಕ್ಷಕರಿಗೆಂದೇ ಇರುವ ದಾರಿ. ಮಹಾರಾಷ್ಟ್ರ ವಿಧಾನ ಪರಿಷತ್ತಿನ 78 ಸ್ಥಾನಗಳಲ್ಲಿ 7 ಸ್ಥಾನಗಳನ್ನು ಶಿಕ್ಷಕರೇ ಆರಿಸುತ್ತಾರೆ. ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಮಾಧ್ಯಮಿಕ ಅಥವಾ ಅದಕ್ಕಿಂತ ಮೇಲಿನ ಶಾಲೆ-ಕಾಲೇಜಿನಲ್ಲಿ ಕಲಿಸಿದವರಿಗೆ ಇಲ್ಲಿ ಓಟು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಇಲ್ಲ. ಒಂದನೇ ತರಗತಿಯಲ್ಲಿ ಅಕ್ಷರ ತಿದ್ದಿಸುವವರನ್ನು ಹೊರಗಿಟ್ಟ ಈ ನಿಯಮ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ನೀವು ಪರಿಷತ್ತಿಗೆ ಹೋದರೆ ಮೊದಲು ಎತ್ತಬೇಕಾದ ಮಾತೂ ಇದೇ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಈ ಕ್ಷೇತ್ರದಲ್ಲಿ ಓಟು ಸಿಗುವುದು ನೀವು ವಾಸಿಸುವ ಜಾಗದ ಮೇಲೆ, ಕಲಿಸುವ ಜಾಗದ ಮೇಲಲ್ಲ. ಕುರ್ಲಾದಲ್ಲಿ ಕಲಿಸಿದರೂ ಡೊಂಬಿವಲಿಯ ನೀವು ಕೊಂಕಣ ವಿಭಾಗದ ಶಿಕ್ಷಕರ ಕ್ಷೇತ್ರಕ್ಕೆ ಸೇರುತ್ತೀರಿ. ವಸಾಯಿ, ವಿರಾರಿನಿಂದ ಬಂದು ಹೋಗುವ ಶಿಕ್ಷಕರದ್ದೂ ಇದೇ ಲೆಕ್ಕ. ಎರಡನೆಯದು, ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಹಿಂದಿನ ಸಲ ಹೆಸರಿತ್ತು ಎಂದು ಸುಮ್ನೆ ಕೂತರೆ ಓಟು ಹೋಯಿತು. ನಮೂನೆ 19 ಮತ್ತೆ ಕೊಡಲೇಬೇಕು. ಶಾಲೆಯಿಂದ ಶಾಲೆಗೆ ಹೋಗಿ ಈ ಅರ್ಜಿ ತುಂಬಿಸಿದವರ ಪರಿಚಯವೇ ಮುಂದೆ ಪ್ರಚಾರವಾಗುತ್ತದೆ. ಹಣ ಜಾಸ್ತಿ ಇಲ್ಲದ ಅಭ್ಯರ್ಥಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಾಣುವುದಿಲ್ಲ.

ಅಭ್ಯರ್ಥಿಯಾಗಲು ಅದೇ ಕ್ಷೇತ್ರದ ಮತದಾರರೇ ಆಗಿರಬೇಕೆಂದಿಲ್ಲ, ಶಿಕ್ಷಕರೇ ಆಗಿರಬೇಕೆಂದೂ ಇಲ್ಲ. ಮುಂಬಯಿ ಶಿಕ್ಷಕರ ಕ್ಷೇತ್ರವನ್ನು 2006ರಿಂದ 2024ರವರೆಗೆ ಪ್ರತಿನಿಧಿಸಿದ ಕಪಿಲ್ ಪಾಟೀಲರು ಪತ್ರಕರ್ತರಾಗಿದ್ದವರು. ದಿನವೂ ಪಾಠ ಮಾಡುವ ನೀವು ಹಿಂಜರಿಯುವುದು ಯಾಕೆ?

ಸಂಘದವರ ಬಗ್ಗೆ ಕೇಳಿದ್ದೀರಿ. ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆಸುತ್ತಾರೆ. ಆ ಪ್ರೀತಿ ನಿಜವಾದದ್ದೇ. ಆದರೆ ಅಷ್ಟರಿಂದಲೇ ಗೆಲ್ಲಲಾಗದು. ನಮ್ಮವರು ಮುಲುಂಡಿನಿಂದ ಮೀರಾ ರೋಡಿನವರೆಗೆ ಚದುರಿಹೋಗಿದ್ದಾರೆ. ಶಿಕ್ಷಕರ ಕ್ಷೇತ್ರದಲ್ಲಂತೂ ನಿಮಗೆ ಓಟು ಕೊಡಬೇಕಾದವರು ಮರಾಠಿ, ಉರ್ದು, ಗುಜರಾತಿ, ಹಿಂದಿ, ಇಂಗ್ಲಿಷ್ ಮಾಧ್ಯಮದ ಶಿಕ್ಷಕರು. ಬಾಕಿ ಸಂಬಳ, ತುಂಬದ ಹುದ್ದೆ, ಪಾಠ ಬಿಟ್ಟು ಮಾಡಬೇಕಾದ ಚುನಾವಣಾ ಡ್ಯೂಟಿ, ಇವೆಲ್ಲ ಅವರ ಕಷ್ಟವೂ ಹೌದು, ಅಲ್ವಾ? ಕನ್ನಡದ ಅಭ್ಯರ್ಥಿಯಾಗಿ ನಿಲ್ಲಬೇಡಿ, ಶಿಕ್ಷಕಿಯಾಗಿ ನಿಲ್ಲಿ. ಮರಾಠಿಯಲ್ಲಿ ವೇದಿಕೆ ಮೇಲೆ ನಿಂತು ಮಾತಾಡುವಷ್ಟು ಪಳಗಿ.

ಶಾಲೆಯ ಕೆಲಸದಿಂದ ಸದನಕ್ಕೆ ಹೋದವರು ದೂರದಲ್ಲೂ ಇದ್ದಾರೆ. ನಾಗಪುರದಲ್ಲಿ ಹುಟ್ಟಿದ ಸ್ವಾತಿ ದಾಂಡೇಕರ್ ಅಮೆರಿಕದ ಅಯೋವಾದಲ್ಲಿ 1996ರಲ್ಲಿ ಅಲ್ಲಿನ ಶಾಲಾ ಮಂಡಳಿಗೆ ಆರಿಸಿಬಂದರು. 2002ರಲ್ಲಿ ರಾಜ್ಯದ ಕೆಳಮನೆ, 2008ರಲ್ಲಿ ಸೆನೆಟ್. ಅವರು ಶಿಕ್ಷಕಿಯಲ್ಲ, ಆದರೂ ವಲಸೆ ಬಂದ ಊರಿನಲ್ಲಿ ಜನ ಅವರನ್ನು ಮೊದಲು ನಂಬಿದ್ದು ಶಾಲೆಯ ವಿಷಯದಲ್ಲಿ.

ನೌಕರಿಯ ಮಾತು ಮರೆಯಬೇಡಿ. ಸರಕಾರಿ ಹುದ್ದೆಯಲ್ಲಿರುವವರು ರಾಜೀನಾಮೆ ಕೊಡದೆ ನಿಲ್ಲುವಂತಿಲ್ಲ. ನಿಮ್ಮದು ಅನುದಾನಿತ ಶಾಲೆ. ನೇಮಕಾತಿ ಪತ್ರವನ್ನೂ ಸೇವಾ ನಿಯಮವನ್ನೂ ವಕೀಲರೊಬ್ಬರಿಗೆ ತೋರಿಸಿ, ಅವರ ಮಾತನ್ನು ಬರಹದಲ್ಲೇ ಪಡೆಯಿರಿ. ಸ್ಟಾಫ್ ರೂಮಿನಲ್ಲಿ ಕೇಳಿದ್ದನ್ನು ನಂಬಿ ಹೆಜ್ಜೆ ಇಡಬೇಡಿ. ನಾಮಪತ್ರಕ್ಕೆ ಆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಬೇಕು. ಹತ್ತರಲ್ಲಿ ಒಬ್ಬಿಬ್ಬರು ಮಾತ್ರ ಕನ್ನಡದವರಿದ್ದರೆ ನನಗೆ ಸಂತೋಷ.

ಮುಂದಿನ ಸಂಚಿಕೆಯಲ್ಲಿ ನಮೂನೆ 8 ಮತ್ತು 19ನ್ನು ತುಂಬುವ ಬಗೆಯನ್ನು ಬಿಡಿಸಿ ಅಚ್ಚು ಹಾಕುತ್ತೇವೆ. ಎಷ್ಟು ಪ್ರತಿ ಬೇಕೆಂದು ತಿಳಿಸಿ, ನಿಮ್ಮ ಶಾಲೆಗೂ ಸುತ್ತಲಿನ ಶಾಲೆಗಳಿಗೂ ಕಳಿಸುತ್ತೇವೆ.